ಹೆಂಡನ್‌ಗೆ ಹೊಸದಾಗಿ ಬಂದಿದ್ದೀರಾ? ಮೊದಲು ಮತದಾರರ ಪಟ್ಟಿಗೆ ಸೇರಿ

ವಾಯುವ್ಯ ಲಂಡನ್ನಿನ ಹೆಂಡನ್ ಕ್ಷೇತ್ರದಲ್ಲಿ 2024ರ ಸಂಸತ್ ಚುನಾವಣೆಯಲ್ಲಿ ಲೇಬರ್ ಪಕ್ಷದ ಡೇವಿಡ್ ಪಿಂಟೊ-ದುಶಿನ್‌ಸ್ಕಿ ಅವರಿಗೆ ಬಿದ್ದದ್ದು 15,855 ಮತ, ಕನ್ಸರ್ವೇಟಿವ್ ಪಕ್ಷದ ಅಮೀತ್ ಜೋಗಿಯಾ ಅವರಿಗೆ 15,840. ಆ ಚುನಾವಣೆಯಲ್ಲಿ ದೇಶದಲ್ಲೇ ಅತಿ ಕಡಿಮೆ ಅಂತರ ಇದು. 2010ರಲ್ಲಿ ಇದೇ ಸೀಟು 106 ಮತಗಳಲ್ಲಿ ಲೇಬರ್ ಕೈತಪ್ಪಿತ್ತು.

ಎಜ್‌ವೇರ್, ಮಿಲ್ ಹಿಲ್ ಕಡೆ ಸ್ವಂತ ಮನೆಯವರು ಹೆಚ್ಚು, ಒಲವು ಕನ್ಸರ್ವೇಟಿವ್ ಕಡೆಗೆ. ಬರ್ನ್ಟ್ ಓಕ್, ವೆಸ್ಟ್ ಹೆಂಡನ್, ಕಾಲಿಂಡೇಲ್ ಲೇಬರ್ ಕಡೆಗೆ. ಬರ್ನ್ಟ್ ಓಕಿನ ವಾಟ್ಲಿಂಗ್ ಎಸ್ಟೇಟ್ 1920ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಕಟ್ಟಿಸಿದ ಬಡಾವಣೆ. ಇಲ್ಲಿ ಯಹೂದಿ ಸಮುದಾಯ ದೊಡ್ಡದು. ಲೇಬರ್ ಪಕ್ಷದ ಮೇಲೆ ಯಹೂದಿ-ದ್ವೇಷದ ಆರೋಪ ಜೋರಾಗಿದ್ದ 2019ರಲ್ಲಿ ಕನ್ಸರ್ವೇಟಿವ್ ಅಂತರ 1,072ರಿಂದ 4,230ಕ್ಕೆ ಏರಿತ್ತು. ಆದರೂ ಜಾತಿ-ಧರ್ಮದ ಲೆಕ್ಕವೊಂದನ್ನೇ ಹಿಡಿದರೆ ಈ ಕ್ಷೇತ್ರ ಅರ್ಥವಾಗುವುದಿಲ್ಲ. ಕಾಲಿಂಡೇಲ್‌ನ ಹೊಸ ಫ್ಲಾಟುಗಳಲ್ಲಿ ಬಾಡಿಗೆಗಿರುವವರು ಮನೆ ಬದಲಿಸುತ್ತಲೇ ಇರುತ್ತಾರೆ, ಬದಲಿಸಿದಾಗ ಪಟ್ಟಿಯಿಂದ ಹೊರಗುಳಿಯುತ್ತಾರೆ. ಭಾರತದಿಂದ ಬಂದ ನಮ್ಮವರ ಮತ ಸೋರುವುದೂ ಅಲ್ಲೇ.

ಭಾರತದ ಪಾಸ್‌ಪೋರ್ಟ್ ಇದ್ದರೂ ಇಲ್ಲಿ ಮತ ಹಾಕಬಹುದು. ಕಾಮನ್‌ವೆಲ್ತ್ ಪ್ರಜೆಯಾಗಿ, ಊರ್ಜಿತವಾದ ವೀಸಾ ಇದ್ದು, ಹದಿನೆಂಟು ತುಂಬಿದ್ದರೆ ಸಾಕು. ಸ್ಟೂಡೆಂಟ್ ವೀಸಾ, ವರ್ಕ್ ವೀಸಾ ಎರಡೂ ಆಗುತ್ತವೆ. ಕೌನ್ಸಿಲ್ ಟ್ಯಾಕ್ಸ್ (ಇಲ್ಲಿನ ಮನೆ ತೆರಿಗೆ) ಕಟ್ಟಿದ ಮಾತ್ರಕ್ಕೆ ಹೆಸರು ಸೇರುವುದಿಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ ಐದು ನಿಮಿಷದ ಅರ್ಜಿ ಇದೆ: ವಿಳಾಸ, ಹುಟ್ಟಿದ ದಿನ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ತೆರಿಗೆ, ವಿಮೆ ಲೆಕ್ಕಕ್ಕೆ ಸರ್ಕಾರ ಕೊಡುವ ಸಂಖ್ಯೆ). ನಂಬರ್ ಇನ್ನೂ ಬಂದಿಲ್ಲವೆಂದರೆ ಕಾರಣ ಬರೆಯಿರಿ. ಬೇರೆ ದಾಖಲೆ ಕೇಳುತ್ತಾರೆ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಗಡುವು. ಪ್ರತಿ ಸಲ ಮನೆ ಬದಲಿಸಿದಾಗಲೂ ಮತ್ತೆ ಅರ್ಜಿ ಹಾಕಬೇಕು.

ಹೆಸರಿನ ವಿಷಯದಲ್ಲಿ ಎಚ್ಚರ. ಅಪ್ಪನ ಹೆಸರು, ಊರಿನ ಹೆಸರು ಇನಿಶಿಯಲ್ ಆಗಿದ್ದರೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿಯಿದ್ದರೆ, ಅದರಲ್ಲಿ ಹೇಗಿದೆಯೋ ಹಾಗೆಯೇ ಪೂರ್ತಿ ಬಿಡಿಸಿ ಬರೆಯಿರಿ. ಹೆಸರುಗಳು ತೀರಾ ಬೇರೆಯಾದರೆ ಮತಗಟ್ಟೆಯಲ್ಲಿ ತಕರಾರು ಏಳುತ್ತದೆ.

2023ರಿಂದ ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಅವಧಿ ಮುಗಿದಿದ್ದರೂ ಮುಖ ಹೊಂದಿದರೆ ಸಾಕು. ಆಧಾರ್, ಓಸಿಐ, ಭಾರತದ ಡ್ರೈವಿಂಗ್ ಲೈಸೆನ್ಸ್, ಕಾಲೇಜಿನ ಕಾರ್ಡ್, ಫೋನಿನಲ್ಲಿರುವ ಇ-ವೀಸಾ ಯಾವುದೂ ಆಗದು. ಪಾಸ್‌ಪೋರ್ಟ್ ವೀಸಾಗೆ ಹೋಗಿದ್ದರೆ ಮತದಾನಕ್ಕೆಂದೇ ಕೊಡುವ ಫೋಟೋ ಗುರುತಿನ ಪತ್ರವಾದ ಉಚಿತ ವೋಟರ್ ಅಥಾರಿಟಿ ಸರ್ಟಿಫಿಕೇಟ್ ಕೇಳಿ; ಆರು ಕೆಲಸದ ದಿನ ಮೊದಲು ಸಂಜೆ 5ರೊಳಗೆ ಅರ್ಜಿ ತಲುಪಬೇಕು. ಮನೆಗೆ ಬರುವ ಪೋಲ್ ಕಾರ್ಡ್ ಇಲ್ಲದಿದ್ದರೂ ನಡೆಯುತ್ತದೆ.

ಮತದಾನ ಸಾಮಾನ್ಯವಾಗಿ ಗುರುವಾರ, ಬೆಳಗ್ಗೆ 7ರಿಂದ ರಾತ್ರಿ 10. ರಜೆ ಇರುವುದಿಲ್ಲ. ಇವಿಎಂ ಇಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದು ಗುಣಿಸು ಗುರುತು. 2016ರ ಮೇನಲ್ಲಿ, ಹೆಂಡನ್ ಸೇರಿರುವ ಬಾರ್ನೆಟ್ ಆಡಳಿತ ಪ್ರದೇಶದ ಮತಗಟ್ಟೆಗಳಿಗೆ ಅಪೂರ್ಣ ಪಟ್ಟಿ ಹೋಗಿ, ಹೆಸರಿದ್ದವರನ್ನೂ ವಾಪಸ್ ಕಳಿಸಿದ್ದರು. ಹಾಗಾದರೆ ಜಗಳವಾಡದೆ ಅಲ್ಲಿನ ಮುಖ್ಯ ಅಧಿಕಾರಿಯಿಂದ ಚುನಾವಣಾ ಕಚೇರಿಗೆ ಫೋನ್ ಮಾಡಿಸಿ.

ಊರಿಗೆ ಹೋಗುವ ಯೋಚನೆಯಿದ್ದರೆ ಅಂಚೆ ಮತಕ್ಕೆ 11 ಕೆಲಸದ ದಿನ ಮೊದಲು, ಪ್ರಾಕ್ಸಿಗೆ (ನಿಮ್ಮ ಪರವಾಗಿ ಬೇರೆಯವರು ಮತ ಹಾಕುವುದಕ್ಕೆ) ಆರು ಕೆಲಸದ ದಿನ ಮೊದಲು ಅರ್ಜಿ ಹಾಕಿ. ಮತಪತ್ರವನ್ನು ಬೆಂಗಳೂರಿಗೆ ತರಿಸಿ ವಾಪಸ್ ಕಳಿಸುವಷ್ಟು ಸಮಯ ಸಿಗುವುದೇ ಕಷ್ಟ, ಪ್ರಾಕ್ಸಿಯೇ ಮೇಲು. ಅಂಚೆ ಮತವೇ ಹಾಕುವುದಾದರೆ, ಹುಟ್ಟಿದ ದಿನದ ಜಾಗದಲ್ಲಿ ಅವತ್ತಿನ ತಾರೀಖು ಬರೆದು ಮತ ಕಳೆದುಕೊಳ್ಳುವವರು ಬಹಳ. ಸಹಿಯೂ ಅರ್ಜಿಯಲ್ಲಿದ್ದಂತೆಯೇ ಇರಲಿ.