ಇಂಡಕ್ಷನ್ ಒಲೆಯೊಳಗೆ ಬಾಳಿಗರ ಕೆಲಸ

ಕಾಸರಗೋಡಿನ ಬದಿಯಡ್ಕ ಕಡೆ ಮಳೆಗಾಲ ಶುರುವಾದರೆ ನನ್ನ ರಿಪೇರಿ ಅಂಗಡಿಗೆ ಇಂಡಕ್ಷನ್ ಒಲೆಗಳು ಸಾಲಾಗಿ ಬರುತ್ತವೆ. ಸಿಡಿಲೋ, ಕರೆಂಟಿನ ಏರಿಳಿತವೋ, ಒಳಗೆ ನುಗ್ಗಿದ ಹಲ್ಲಿಯೋ, ಸುಟ್ಟಿರುವುದು ಹೆಚ್ಚಾಗಿ ಐಜಿಬಿಟಿ. ಬಿಸಿ ಹೊರಹಾಕುವ ಹೀಟ್‌ಸಿಂಕಿಗೆ ಸ್ಕ್ರೂ ಹಾಕಿ ಕೂರಿಸಿದ, ಮೂರು ಕಾಲಿನ ಕಪ್ಪು ಬಿಲ್ಲೆ. ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್ ಇದು.

ಇದರ ಹಿಂದೆ ಇರುವವರು ಬಿ. ಜಯಂತ್ ಬಾಳಿಗಾ. ಆ 'ಬಿ' ಅಂದರೆ ಬಂಟ್ವಾಳ, ನಮಗೆ ಹತ್ತಿರವೇ ಅಲ್ವಾ! 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದಾಗ ಇದನ್ನು ರೂಪಿಸಿದರು. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಬಂತು.

ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರ್ ಕರೆಂಟ್ ಚೆನ್ನಾಗಿ ಹೊರುತ್ತದೆ, ಆದರೆ ಆನ್ ಇಡಲಿಕ್ಕೇ ಅದರ 'ಬೇಸ್' ಎಂಬ ಕಾಲಿಗೆ ಕರೆಂಟ್ ಸುರಿಯುತ್ತಾ ಇರಬೇಕು. ಮಾಸ್‌ಫೆಟ್ ಎಂಬ ಇನ್ನೊಂದು ಬಗೆಯ ಟ್ರಾನ್ಸಿಸ್ಟರಿಗೆ 'ಗೇಟ್' ಎಂಬ ಕಾಲಿನಲ್ಲಿ ವೋಲ್ಟೇಜ್ ಇದ್ದರೆ ಸಾಕು, ಆದರೆ ಜಾಸ್ತಿ ವೋಲ್ಟೇಜಿನದ್ದಾದರೆ ರೆಸಿಸ್ಟೆನ್ಸ್ ಏರಿ ಬಿಸಿಯಾಗುತ್ತದೆ. ಬಾಳಿಗರು ಎರಡರ ಒಳ್ಳೆ ಗುಣವನ್ನೂ ಒಂದೇ ಸಿಲಿಕಾನಿನಲ್ಲಿ ಸೇರಿಸಿದರು. ಮೊದಮೊದಲು ಐಜಿಬಿಟಿ ಆಫ್ ಆಗಲು ತಡವಾಗುತ್ತಿತ್ತು. ಅದಕ್ಕೆ ಎಲೆಕ್ಟ್ರಾನ್ ಕಿರಣ ಹಾಯಿಸಿ ವೇಗ ಹೆಚ್ಚಿಸಿದರು. ಆ ವೇಗ ಇಲ್ಲದೆ, ಸೆಕೆಂಡಿಗೆ 20 ಸಾವಿರ ಸಲಕ್ಕೂ ಮೇಲೆ ಆನ್-ಆಫ್ ಆಗುವ ಈ ಒಲೆ ಎಲ್ಲಿಂದ ಬರಬೇಕು?

ಇದು ಗೊತ್ತಿದ್ದರೆ ರಿಪೇರಿಯ ದಾರಿಯೂ ತಾನಾಗಿ ಕಾಣುತ್ತದೆ. ಫ್ಯೂಸ್ ಹೋಗಿದ್ದರೆ ನಾನು ಸುಮ್ನೆ ಫ್ಯೂಸ್ ಬದಲಿಸುವುದಿಲ್ಲ. ಮೀಟರನ್ನು ಐಜಿಬಿಟಿಯಲ್ಲಿ ಕರೆಂಟ್ ಹರಿಯುವ ಎರಡು ಕಾಲುಗಳಾದ ಕಲೆಕ್ಟರ್-ಎಮಿಟರ್ ನಡುವೆ ಹಿಡಿಯುತ್ತೇನೆ. ಮೀಟರಿನ ತಂತಿ ಅದಲುಬದಲು ಮಾಡಿ ಹಿಡಿದರೂ ಬೀಪ್ ಬಂದರೆ ಐಜಿಬಿಟಿ ಹೋದಂತೆಯೇ. ಆಮೇಲೆ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ಗೇಟಿಗೆ ವೋಲ್ಟೇಜ್ ಕೊಡುವ ಡ್ರೈವರ್, 18 ವೋಲ್ಟ್ ಸಪ್ಲೈ ನೋಡುತ್ತೇನೆ. ಕಾಯಿಲ್ ಪಕ್ಕದ ಕೆಪಾಸಿಟರನ್ನಂತೂ ಬಿಡುವುದೇ ಇಲ್ಲ. ಅದರ ಸಾಮರ್ಥ್ಯ ಇಳಿದಿದ್ದರೆ ಹೊಸ ಐಜಿಬಿಟಿಯೂ ಅದೇ ಗತಿ ಕಾಣುತ್ತದೆ. 230 ವೋಲ್ಟ್ ಡಿಸಿಯಾದಾಗ ಸುಮಾರು 325. ಕಾಯಿಲೂ ಕೆಪಾಸಿಟರೂ ಒಟ್ಟಿಗೆ ಅನುರಣಿಸಿದಾಗ ಕಲೆಕ್ಟರಿನಲ್ಲಿ ಸಾವಿರದ ಹತ್ತಿರ ಹೋಗಬಹುದು. ಹಾಗಾಗಿ ಸಿಂಗಲ್ ಐಜಿಬಿಟಿ ಒಲೆಗೆ ಕನಿಷ್ಠ 1200 ವೋಲ್ಟಿನದ್ದು ಹಾಕಬೇಕು. ನಂಬರ್ ಒರೆಸಿ ಮತ್ತೆ ಮುದ್ರಿಸಿದ ಹಳೆ ಮಾಲನ್ನು ನಾನು ಮುಟ್ಟುವುದಿಲ್ಲ.

ಕೊನೆಗೆ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಹಚ್ಚಿ, 100 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿಟ್ಟು ಆನ್ ಮಾಡುತ್ತೇನೆ. ಬಲ್ಬ್ ಒಮ್ಮೆ ಮಿನುಗಿ ಮಂಕಾಗಬೇಕು. ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಉಳಿದಿದೆ.

ಅಡಿಕೆ ತೋಟದ ಪಂಪಿನ ಮೋಟಾರನ್ನು ನಡೆಸುವ ಡ್ರೈವ್ ಎಂಬ ಪೆಟ್ಟಿಗೆ ತೆರೆದರೂ ಸಿಗುವುದು ಇದೇ ಐಜಿಬಿಟಿ. ಅಲ್ಲಿ ಆರು ಸೇರಿ ಸಿಂಗಲ್ ಫೇಸಿನಿಂದ ಮೂರು ಫೇಸ್ ಕೊಡುತ್ತವೆ. ಅದನ್ನು ಬಿಚ್ಚುವ ಮೊದಲು ಕರೆಂಟ್ ತೆಗೆದು, ಒಳಗಿನ ದೊಡ್ಡ ಕೆಪಾಸಿಟರ್ ಖಾಲಿಯಾಗಿದೆ ಎಂದು ಮೀಟರಿನಲ್ಲಿ ನೋಡಿಕೊಂಡೇ ಕೈ ಹಾಕಿ.