ಸಿಂಗಾಪುರಕ್ಕೆ 1929ರ ರೂಲಿಂಗ್ ಹಿಡಿದು ಬರಬೇಡಿ

ಹೋದ ತಿಂಗಳು ಶಿರಸಿ ಕಡೆಯ ಹುಡುಗನೊಬ್ಬ ಇಲ್ಲಿ ಸಿಂಗಾಪುರದ ನಮ್ಮ ಮನೆಗೆ ಬಂದಿದ್ದ. ಬಾಡಿಗೆ ಮನೆಯನ್ನು ಅವಧಿಗೆ ಮೊದಲೇ ಬಿಡಬೇಕಾಗಿದೆ, ಮಾಲೀಕ ಡೆಪಾಸಿಟ್ ಪೂರ್ತಿ ಕೊಡಲ್ಲ ಅಂತಾನೆ. ಮೊಬೈಲ್ ತೆಗೆದು ಪ್ರಿವಿ ಕೌನ್ಸಿಲ್ಲಿನ, ಅಂದರೆ ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಅಪೀಲು ಹೋಗುತ್ತಿದ್ದ ಲಂಡನ್ನಿನ ಕೋರ್ಟಿನ, ಹಳೆಯ ತೀರ್ಪೊಂದನ್ನು ತೋರಿಸಿದ. ನನ್ನ ಹೊಟ್ಟೆ ಚುರ್ ಅಂದಿತು. ಎಂಟು ವರ್ಷದ ಹಿಂದೆ ನಾನು ಮುಳುಗಿದ್ದು ಇದೇ ತೀರ್ಪನ್ನು ನಂಬಿ.

ನನ್ನ ಕರಾರಿನಲ್ಲಿ 'ಮೊದಲೇ ಬಿಟ್ಟರೆ ಎರಡು ತಿಂಗಳ ಬಾಡಿಗೆ ಕೊಡಬೇಕು' ಅಂತ ಇತ್ತು. ಡೆಪಾಸಿಟ್ಟಿನ ಅರ್ಧ ವಾಪಸ್ ಕೊಡುತ್ತೇನೆ, ಮುಗಿಸೋಣ ಅಂದಳು ಮಾಲಕಿ. ನಾನು ಕಾರವಾರದಲ್ಲಿ ನಲವತ್ತು ವರ್ಷ ವಕೀಲಿ ಮಾಡಿದ ದೊಡ್ಡಪ್ಪನಿಗೆ ಫೋನ್ ಹಚ್ಚಿದೆ. "ತಮಾ, ಹೆದರಡ" ಅಂದರು. 1929ರ ಪನ್ನಾ ಸಿಂಗ್ ಕೇಸು. ಕರಾರಿನಲ್ಲಿ ಮೊತ್ತ ಬರೆದಿದ್ದರೂ ನಿಜವಾಗಿ ಆದ ನಷ್ಟವನ್ನು ತೋರಿಸಲೇಬೇಕು ಅಂತ ಪ್ರಿವಿ ಕೌನ್ಸಿಲ್ ಹೇಳಿತ್ತು. 1994ರವರೆಗೆ ಸಿಂಗಾಪುರದ ಅಪೀಲೂ ಅಲ್ಲಿಗೇ ಹೋಗುತ್ತಿತ್ತು. ಅಂದ ಮೇಲೆ ಇವರೂ ಒಪ್ಪಬೇಕಲ್ವಾ? ಅರ್ಧ ಬೇಡ ಅಂದೆ. ಪೂರ್ತಿ ಹೋಯಿತು.

ದೊಡ್ಡಪ್ಪ ಹೇಳಿದ್ದು ಕಾರವಾರದ ಮಟ್ಟಿಗೆ ಸುಳ್ಳಲ್ಲ. ಪ್ರಿವಿ ಕೌನ್ಸಿಲ್ಲಿನ ಅಧಿಕಾರ ನಮ್ಮಲ್ಲಿ 1949ರಲ್ಲೇ ಮುಗಿದರೂ, ಸುಪ್ರೀಂ ಕೋರ್ಟ್ ಬೇರೆ ಹೇಳುವವರೆಗೆ ಅದರ ತೀರ್ಪು ಹೈಕೋರ್ಟುಗಳಿಗೆ ಬದ್ಧ. ನಮ್ಮ ಜಿಲ್ಲೆ 1956ರವರೆಗೆ ಮುಂಬೈ ಕೆಳಗಿತ್ತಲ್ಲ, ದೊಡ್ಡಪ್ಪನ ಕಪಾಟಿನ ತುಂಬ ಬಾಂಬೆ ಹೈಕೋರ್ಟಿನ ಹಳೆಯ ರಿಪೋರ್ಟುಗಳೇ. ಹಳೆಯದಕ್ಕೆ ಬೆಲೆ ಜಾಸ್ತಿ ಅನ್ನುವುದು ರೂಢಿಯಾಗಿಬಿಟ್ಟಿದೆ.

ಆದರೆ ಪನ್ನಾ ಸಿಂಗ್ ಹೇಳಿದ್ದು 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಇಂಥ ಬರೆದಿಟ್ಟ ಮೊತ್ತಕ್ಕಾಗಿಯೇ ಇರುವ ಸೆಕ್ಷನ್ 74ರ ಮೇಲೆ. ಸಿಂಗಾಪುರದಲ್ಲಿ ಆ ಕಾಯ್ದೆಯೇ ಇಲ್ಲ! ದಂಡ ಸಂಹಿತೆ, ಸಾಕ್ಷ್ಯ ಕಾಯ್ದೆ ಎರಡನ್ನೂ ನಮ್ಮದನ್ನು ನೋಡಿ ಬರೆದುಕೊಂಡಿದ್ದಾರೆ, ಅದಕ್ಕೇ ಎಲ್ಲ ಊರಿನ ಹಾಗೇ ಅನ್ನಿಸಿ ಮೋಸ ಹೋಗುತ್ತೇವೆ. ಕರಾರಿಗೆ ಮಾತ್ರ ಇಂಗ್ಲಿಷ್ ಕಾಮನ್ ಲಾ, ಅಂದರೆ ಕೋರ್ಟಿನ ತೀರ್ಪುಗಳಿಂದಲೇ ಬೆಳೆದ ಕಾನೂನು. ಇಂಗ್ಲೆಂಡಿನ 1914ರ ಡನ್‌ಲಪ್ ತೀರ್ಪಿನ ಲೆಕ್ಕ: ಬರೆದ ಮೊತ್ತ ನಷ್ಟದ ಪ್ರಾಮಾಣಿಕ ಅಂದಾಜಾಗಿದ್ದರೆ ಪೂರ್ತಿ ಕೊಡಿ, ಆದ ನಷ್ಟ ತೋರಿಸಬೇಕಿಲ್ಲ. ಹೆದರಿಸಲು ಹಾಕಿದ ದಂಡವಾದರೆ ನಡೆಯಲ್ಲ. ತಮಾಷೆ ನೋಡಿ, 2015ರಲ್ಲಿ ಇಂಗ್ಲೆಂಡೇ ಈ ಲೆಕ್ಕ ಬದಲಾಯಿಸಿತು. 2020ರಲ್ಲಿ ಸಿಂಗಾಪುರದ ಅತ್ಯುಚ್ಚ ನ್ಯಾಯಾಲಯವಾದ ಕೋರ್ಟ್ ಆಫ್ ಅಪೀಲ್ ನಮಗೆ ಹಳೆಯದೇ ಇರಲಿ ಅಂದಿತು.

ಹಾಗಾಗಿ ತೀರ್ಪಿನ ವಯಸ್ಸು ನೋಡಬೇಡಿ. ಯಾವ ದೇಶದಿಂದ ಹೋದ ಅಪೀಲು, ಯಾವ ಕಾಯ್ದೆಯ ಮೇಲೆ ಹೇಳಿದ್ದು, ಅದನ್ನು ನೋಡಿ. ಸಿಂಗಾಪುರದಿಂದ ಹೋದ ಅಪೀಲಾದರೆ, ಕೋರ್ಟ್ ಆಫ್ ಅಪೀಲ್ ಅದನ್ನು ಕೈಬಿಡುವವರೆಗೆ ಕೆಳಗಿನ ಕೋರ್ಟುಗಳು ಈಗಲೂ ಅದಕ್ಕೆ ತಲೆಬಾಗಬೇಕು. ಹಾಗೆ ಕೈಬಿಡುವ ಅಧಿಕಾರ ತನಗಿದೆ ಅಂತ ಆ ಕೋರ್ಟ್ 1994ರಲ್ಲೇ ಸಾರಿಬಿಟ್ಟಿದೆ. ಭಾರತದಿಂದ ಹೋದದ್ದಾದರೆ ಗೌರವದಿಂದ ಕೇಳುತ್ತಾರೆ, ಅಷ್ಟೇ. ಸೇತುವೆ ದಾಟಿ ಮಲೇಷ್ಯಾದ ಜೋಹೋರಿಗೆ ಹೋದರೆ ಕಥೆ ಮತ್ತೆ ಬೇರೆ. ಅಲ್ಲಿನ ಕರಾರು ಕಾಯ್ದೆಯಲ್ಲಿ ನಮ್ಮ ಸೆಕ್ಷನ್ 74 ಸೆಕ್ಷನ್ 75 ಆಗಿ ಕೂತಿದೆ. ಅಲ್ಲೂ 2018ರ ನಂತರ ನಷ್ಟ ತೋರಿಸಲೇಬೇಕೆಂಬ ಹಠ ಸಡಿಲಾಗಿದೆ.

ಇನ್ನೊಂದು ಎಚ್ಚರಿಕೆ. ಸಣ್ಣ ಮೊತ್ತದ ಇಂಥ ಜಗಳ ನೋಡುವ ಸಿಂಗಾಪುರದ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ವಕೀಲರು ಬರುವಂತಿಲ್ಲ. ಖರ್ಚು ಉಳಿಯುತ್ತದೆ ನಿಜ, ಆದರೆ ತಪ್ಪು ದಾರಿ ಹಿಡಿದರೆ ತಡೆಯುವವರೂ ಇಲ್ಲ. ತಾರೀಖಿನ ಮೇಲೆ ತಾರೀಖು ಬೀಳುವ ನಮ್ಮೂರಿಗಿಂತ ಇದೇ ವಾಸಿ. ಕಾನೂನು ಮಾತ್ರ ನಮ್ಮದೇ ಚಲೋ. ನಷ್ಟವೇ ಆಗದವನಿಗೆ ಸುಮ್ನೆ ಯಾಕೆ ದುಡ್ಡು ಕೊಡಬೇಕು?

ಆ ಹುಡುಗ ಮಾಲೀಕ ಕೊಟ್ಟಷ್ಟು ತೆಗೆದುಕೊಂಡ. ದೊಡ್ಡಪ್ಪ ಇವತ್ತಿಗೂ ಒಪ್ಪಿಲ್ಲ. "ಕಾರವಾರದಲ್ಲಾಗಿದ್ರೆ ಗೆಲ್ತಿದ್ದೆ" ಅಂತಾರೆ.