ಸಿಡ್ನಿಯ ಜೇಡ ಕಚ್ಚಿದರೆ ಒಂದು ಹೆಜ್ಜೆಯೂ ಇಡಬೇಡಿ

ಮಗಳ ಬಾಣಂತನಕ್ಕೆಂದು ಸಿಡ್ನಿಗೆ ಹೊರಟ ಅಮ್ಮಂದಿರಿಗೆ ಫೋನಿನಲ್ಲೇ ಒಂದು ಪಾಠ ಆಗಿರುತ್ತದೆ: "ಅಮ್ಮಾ, ಹೊರಗೆ ಬಿಟ್ಟ ಶೂ ಕೊಡವಿ ಹಾಕ್ಕೋ." ಕಾರಣ, ಅಲ್ಲಿನ ಫನಲ್‌ವೆಬ್ ಜೇಡ. ಕಪ್ಪಗೆ ಮಿರಮಿರ ಮಿಂಚುತ್ತದೆ. ಬೇಸಿಗೆಯಲ್ಲಿ ಗಂಡು ಜೇಡ ಹೆಣ್ಣನ್ನು ಹುಡುಕಿಕೊಂಡು ಬಿಲ ಬಿಟ್ಟು ಅಲೆಯುತ್ತದೆ. ವಿಷದ ಕಾಟ ಜಾಸ್ತಿ ಇರುವುದೂ ಗಂಡಿನದೇ.

ವಿಷ ನೇರ ರಕ್ತಕ್ಕೆ ಹೋಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಸಾಮಾನ್ಯವಾಗಿ ಹಾಗಲ್ಲ. ಹಲ್ಲು ಊರಿದ ಜಾಗದಲ್ಲಿ, ಚರ್ಮದ ಕೆಳಗೆ, ತಿಳಿನೀರಿನಂಥ ದ್ರವ ಇರುತ್ತದೆ. ವಿಷ ಮೊದಲು ಅದಕ್ಕೆ ಸೇರುತ್ತದೆ. ಆ ದ್ರವ ಕೂದಲೆಳೆಯಂಥ ನಾಳಗಳಿಗೆ ಇಳಿದರೆ ಅದೇ ದುಗ್ಧರಸ. ಶಾಲೆಯಲ್ಲಿ ಓದಿ ಮರೆತ ಪದ. ಇದನ್ನು ತಳ್ಳಲು ಹೃದಯದಂಥ ಪಂಪ್ ಇಲ್ಲ. ನೀವು ಹೆಜ್ಜೆ ಇಟ್ಟಾಗ ಮೀನಖಂಡ ಬಿಗಿದು ನಾಳವನ್ನು ಹಿಂಡುತ್ತದೆ. ಒಳಗಿನ ಕವಾಟಗಳು ರಸವನ್ನು ಹಿಂದಕ್ಕೆ ಬಿಡುವುದಿಲ್ಲ. ಹೀಗೆ ಅದು ಕಾಲಿಂದ ತೊಡೆಸಂದಿಗೆ ಏರಿ, ಹೊಟ್ಟೆ, ಎದೆ ದಾಟಿ, ಎಡಗಡೆ ಕೊರಳ ಬುಡದಲ್ಲಿ ರಕ್ತಕ್ಕೆ ಕೂಡುತ್ತದೆ. ಅಂದರೆ ವಿಷವನ್ನು ಹೊತ್ತು ಸಾಗಿಸುವವರು ನೀವೇ!

ಆಮೇಲಿನ ಗುರಿ ನರ. ನರದಲ್ಲಿ ಸೋಡಿಯಂ ನುಗ್ಗುವ ಪುಟ್ಟ ಬಾಗಿಲುಗಳಿವೆ. ತೆರೆದ ಬಾಗಿಲು ತಕ್ಷಣ ಮುಚ್ಚಬೇಕು. ವಿಷದಲ್ಲಿರುವ, 42 ಅಮೈನೋ ಆಮ್ಲಗಳ ಒಂದು ಪುಟಾಣಿ ಪ್ರೋಟೀನ್ ಅದಕ್ಕೆ ಬೆಣೆ ಇಡುತ್ತದೆ. ಸ್ವಿಚ್ ಸಿಕ್ಕಿಕೊಂಡ ಕಾಲಿಂಗ್ ಬೆಲ್ ಥರ ನರ ಬಡಿದುಕೊಳ್ಳುತ್ತಲೇ ಇರುತ್ತದೆ. ಬಾಯಿ ಸುತ್ತ ಜುಮುಜುಮು, ನಾಲಿಗೆ ಅದುರುವುದು, ಜೊಲ್ಲು, ಕಣ್ಣೀರು, ಮೈಯೆಲ್ಲ ಬೆವರು. ಜೋರಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಈಗ ಕೆಲಸಕ್ಕೆ ಬನ್ನಿ. ಕಚ್ಚಿಸಿಕೊಂಡವರನ್ನು ಇದ್ದಲ್ಲೇ ಮಲಗಿಸಿ. ಬಚ್ಚಲಿಗೂ ನಡೆಸಬೇಡಿ. ಅಲ್ಲಿನ ತುರ್ತು ನಂಬರ್ 000ಗೆ ಫೋನ್ ಮಾಡಿ.

ಅಗಲದ ಎಲಾಸ್ಟಿಕ್ ಬ್ಯಾಂಡೇಜನ್ನು ಕಚ್ಚಿದ ಜಾಗದ ಮೇಲೆ ಸುತ್ತಿ. ಇನ್ನೊಂದನ್ನು ಕಾಲ್ಬೆರಳಿನಿಂದ ಶುರುಮಾಡಿ ತೊಡೆಯವರೆಗೂ ಸುತ್ತುತ್ತಾ ಹೋಗಿ. ಕೈಯಾದರೆ ಬೆರಳಿಂದ ಭುಜದ ಕಡೆಗೆ. ಎಷ್ಟು ಬಿಗಿ? ಉಳುಕಿದ ಕಾಲಿಗೆ ಕಟ್ಟುವಷ್ಟು. ಪಟ್ಟಿಯ ಅಡಿಗೆ ಬೆರಳು ಸುಲಭವಾಗಿ ತೂರಬಾರದು. ಆದರೆ ಬೆರಳ ತುದಿ ನೀಲಿಗಟ್ಟಬಾರದು. ನಮ್ಮಲ್ಲಿ ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕೊಯ್ಯುವುದು ಇದೆಯಲ್ಲ, ಅದೆಲ್ಲ ಸುಮ್ನೆ ಗಾಯಕ್ಕೆ ಗಾಯ ಸೇರಿಸಿದ ಹಾಗೆ.

ಬಟ್ಟೆಯ ಮೇಲೆಯೇ ಸುತ್ತಬಹುದು. ಪ್ಯಾಂಟ್ ಬಿಚ್ಚಲು ಹೋದರೆ ಕಾಲು ಅಲುಗಾಡುತ್ತದೆ. ಕೊನೆಗೆ ಕೋಲನ್ನೋ ಸುರುಳಿ ಸುತ್ತಿದ ಪೇಪರನ್ನೋ ಆನಿಕೆ ಕೊಟ್ಟು ಕಟ್ಟಿ. ಪಟ್ಟಿಯಷ್ಟೇ ಮುಖ್ಯ ಈ ಆನಿಕೆ.

ಎಲ್ಲ ಜೇಡಕ್ಕೂ ಇದೇ ಅಲ್ಲ. ಅಲ್ಲಿಯದೇ ರೆಡ್‌ಬ್ಯಾಕ್ ಜೇಡದ ವಿಷ ನಿಧಾನದ್ದು. ಪಟ್ಟಿ ಕಟ್ಟಿದರೆ ನೋವು ಹೆಚ್ಚುತ್ತದೆ ಅಷ್ಟೇ. ಅದಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ ಸಾಕು, ಆಮೇಲೆ ಡಾಕ್ಟರ್. ಯಾವ ಜೇಡ ಅಂತ ಗೊತ್ತಾಗದೆ, ಅದು ದೊಡ್ಡದಾಗಿ ಕಪ್ಪಗಿದ್ದರೆ ಫನಲ್‌ವೆಬ್ ಅಂತಲೇ ಹಿಡಿದು ಪಟ್ಟಿ ಸುತ್ತಿ.

ಈ ಪಟ್ಟಿಯ ವಿಧಾನ ರೂಪಿಸಿದ ಸ್ಟ್ರುವಾನ್ ಸದರ್ಲೆಂಡ್ ಅವರ ತಂಡವೇ ಮೆಲ್ಬರ್ನ್‌ನಲ್ಲಿ ಮೊಲಗಳಿಂದ ಪ್ರತಿವಿಷ ತಯಾರಿಸಿತು. ಮೊಲಕ್ಕೆ ಈ ವಿಷ ಅಷ್ಟಾಗಿ ತಾಕುವುದಿಲ್ಲ. ತಾಕುವುದು ಮನುಷ್ಯರಿಗೆ, ಕೋತಿಗಳಿಗೆ! ಅದಕ್ಕೆ ಮುಂಚೆ ದಾಖಲಾದ ಸಾವು 13. 1981ರಲ್ಲಿ ಪ್ರತಿವಿಷ ಬಂದ ಮೇಲೆ ಅಂಥ ಸಾವಿನ ಸುದ್ದಿ ಇಲ್ಲ. ಆಸ್ಪತ್ರೆ ಸೇರಿದ ತಕ್ಷಣ "ಬಿಗಿಯಾಗಿದೆ, ಬಿಚ್ಚಿ" ಅಂತ ಅವಸರ ಮಾಡಬೇಡಿ. ಬಿಚ್ಚಿದರೆ ತಡೆದಿಟ್ಟ ವಿಷ ಹೊರಡುತ್ತದೆ. ಪ್ರತಿವಿಷ ಕೈಗೆ ಬಂದ ಮೇಲೆ ಡಾಕ್ಟರೇ ಬಿಚ್ಚುತ್ತಾರೆ.